ಎರಡು ಒದೆತ, ಒಂದು ಓಟ

ಬಾಡಿಗೆ ಲಾರಿಗಳ ಅಂಗಳದ ಯಜಮಾನನನ್ನು ಎಲ್ಲರೂ ಕರೆಯುತ್ತಿದ್ದುದು ಹನಿಯಪ್ಪ ಎಂದೇ. ಹೆತ್ತವರು ಇಟ್ಟ ಹೆಸರಲ್ಲ ಅದು. ಡೀಸೆಲ್ಲಿನ ಒಂದು ಹನಿ ನೆಲಕ್ಕೆ ಬಿದ್ದರೂ ಮನೆಯ ಕೂಸು ಬಿದ್ದಂತೆ ಓಡಿಬರುವ ಮನುಷ್ಯ ಅವನು. ತನ್ನ ಲಾರಿಗಳ ಟ್ಯಾಂಕಿನ ಮುಚ್ಚಳಗಳಿಗೆಲ್ಲ ಬೀಗ ಜಡಿದು, ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗುತ್ತಿದ್ದ. ಹಿಂದೊಮ್ಮೆ ಬಾಡಿಗೆಗೆ ಒಯ್ದವರು ದಾರಿಯಲ್ಲಿ ಡೀಸೆಲ್ ಹೀರಿ ಮಾರಿಕೊಂಡಿದ್ದರು. ಇನ್ನೊಬ್ಬರು ಕಲಬೆರಕೆ ತುಂಬಿಸಿ ಎಂಜಿನ್ನಿನ ಹೊಟ್ಟೆ ಕೆಡಿಸಿ ತಂದಿದ್ದರು. ಅಂದಿನಿಂದ ಅವನದು ಒಂದೇ ಕಟ್ಟಳೆ. ಎಲ್ಲಿಗೆ ಹೋಗಬೇಕು, ಏನು ಸಾಮಾನು, ಎಷ್ಟು ಭಾರ, ಇಷ್ಟನ್ನು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ತಕ್ಕಷ್ಟು ಡೀಸೆಲ್ಲನ್ನು ಅವನೇ ತುಂಬುತ್ತಾನೆ, ಅವನೇ ಬೀಗ ಹಾಕುತ್ತಾನೆ. ಬೀಗ ಒಡೆದವರಿಗೆ ಆ ಅಂಗಳದ ಬಾಗಿಲು ಮತ್ತೆ ತೆರೆಯುವುದಿಲ್ಲ.

ಆ ಬೆಳಿಗ್ಗೆ ಅವನ ಮುಂದೆ ನಿಂತಿದ್ದವಳು ಅಕ್ಕ. ಮಡಕೆ ಮಾಡುವ ಕೈ ಅವಳದು. ತಿಗರಿಯ ಚಕ್ರ ತುಳಿದು ತುಳಿದು ಬಲಗಾಲಿನ ಮೀನಖಂಡ ಎಡಗಾಲಿನದಕ್ಕಿಂತ ಗಟ್ಟಿಯಾಗಿತ್ತು. ಜೊತೆಗೆ ತಮ್ಮ ಇದ್ದ. ಎಲ್ಲಕ್ಕೂ ಅವಸರ ಮಾಡುವ ಅವನಿಗೆ ಮನೆಯಲ್ಲಿ ಗಡಿಬಿಡಿ ಎಂದೇ ಹೆಸರು. ಲಾರಿಯ ನೆರಳಿನಲ್ಲಿ ಅಮ್ಮ, ಕೈಚೀಲವನ್ನು ಎದೆಗವಚಿಕೊಂಡು, ಯಾರ ಮುಖವನ್ನೂ ನೋಡದೆ ನಿಂತಿದ್ದಳು.

"ಸಾಮಾನು ಏನಮ್ಮ?" ಹನಿಯಪ್ಪ ಕೇಳಿದ.

"ಮನೆ ಸಾಮಾನು, ಯಜಮಾನ್ರೇ. ಎರಡು ತಿಗರಿ, ಒಂದು ಬೀರು, ಮಂಚ, ಪಾತ್ರೆ. ಐದಾರು ಪೆಟ್ಟಿಗೆ ಇವೆ, ಬಟ್ಟೆಬರೆ ಅಷ್ಟೇ."

"ಮಣ್ಣುಗಿಣ್ಣು?"

"ಮಣ್ಣು ಯಾಕೆ ಹೊರೋಣ? ಅಲ್ಲೇ ಸಿಗುತ್ತೆ."

ಅಮ್ಮ ಪಕ್ಕದ ಗೋಡೆಯ ಮೇಲಿನ ಕಾಗೆಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಅಕ್ಕ ಅದನ್ನು ಆಗ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹನಿಯಪ್ಪ ಡೀಸೆಲ್ ತುಂಬಿದ, ಬೀಗ ಹಾಕಿದ, ಬೀಗವನ್ನು ಎರಡು ಸಲ ಎಳೆದು ನೋಡಿದ. "ಈ ಲಾರಿ ಕಾಲು ನೋಡಿ ಕುಡಿಯುತ್ತೆ. ಕಾಲು ಹಗುರ ಇದ್ರೆ ಹಸು, ಭಾರ ಇದ್ರೆ ಗೂಳಿ. ನೀವು ಹೇಳಿದ ಸಾಮಾನಿಗೆ ಊರು ಮುಟ್ಟಿ ಸ್ವಲ್ಪ ಮಿಗಬೇಕು. ಮಿಗದಿದ್ರೆ ತಪ್ಪು ಲಾರಿದಲ್ಲ."

ಊರು ಮುಟ್ಟುವುದು ಸುಮ್ಮನೆ ಮುಟ್ಟುವುದಾಗಿರಲಿಲ್ಲ. ಇದ್ದ ಅಂಗಳವನ್ನು ಅದರ ಒಡೆಯ ಮಳಿಗೆ ಕಟ್ಟಿಸಲು ತೆಗೆದುಕೊಂಡಿದ್ದ. ಮಡಕೆ ಸುಡುವ ಆವಿಗೆ ಒಡೆದು ಇಟ್ಟಿಗೆಗಳನ್ನೂ ಸಾಗಿಸಿಯಾಗಿತ್ತು. ಆವಿಗೆಯಿಲ್ಲದೆ ಹಸಿ ಮಡಕೆಯನ್ನು ಯಾರಿಗೆ ಮಾರುವುದು? ಹುಡುಕಿ ಹುಡುಕಿ ಚಪ್ಪಲಿ ಸವೆಸಿದ ಮೇಲೆ ದೂರದ ಊರಿನಲ್ಲಿ, ಕುಶಲಕರ್ಮಿಗಳ ಆವರಣವೊಂದರಲ್ಲಿ, ಆವಿಗೆ ಇರುವ ಒಂದು ಶೆಡ್ಡು ಸಿಕ್ಕಿತ್ತು. ಅಲ್ಲಿನ ಗೇಟಿನವನು ಫೋನಿನಲ್ಲಿ ಒಂದೇ ಮಾತು ಹೇಳಿದ್ದ: "ಇವತ್ತು ಗೇಟು ಮುಚ್ಚೋದರೊಳಗೆ ಬಂದು ಬೀಗದ ಕೈ ತಗೊಂಡ್ರೆ ನಿಮ್ಮದು. ಇಲ್ಲಾಂದ್ರೆ ಮುಂದಿನವನು ಬಡಗಿ. ಅವನು ದಿನಾ ಬಂದು ಬಾಗಿಲು ಅಳೆದು ಹೋಗ್ತಿದ್ದಾನೆ." ಈ ಶೆಡ್ಡು ತಪ್ಪಿದರೆ ಗಡಿಬಿಡಿ ಯಾವುದಾದರೂ ಗೋದಾಮಿಗೆ ಸೇರುತ್ತಾನೆ, ತಾನು ಇನ್ನೊಬ್ಬರ ತಿಗರಿಯ ಮುಂದೆ ಕೂಲಿಗೆ ಕೂರಬೇಕು, ಅಮ್ಮ ಸುಮ್ಮನೆ ಗೋಡೆ ನೋಡುತ್ತ ಕೂರುತ್ತಾಳೆ. ಅಕ್ಕನಿಗೆ ಇದೆಲ್ಲ ಅಂಗೈ ಗೆರೆಯಷ್ಟು ಸ್ಪಷ್ಟವಿತ್ತು. ಅದಕ್ಕೇ ಲಾರಿಯನ್ನು ತಾನೇ ಓಡಿಸುತ್ತೇನೆಂದು ಹಟ ಹಿಡಿದಿದ್ದಳು. ಗಡಿಬಿಡಿಯ ಕಾಲಿಗೆ ಕೊಟ್ಟರೆ ಹಸುವೂ ಗೂಳಿಯಾದೀತು.

ಊರು ದಾಟಿ ಹೆದ್ದಾರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಅವಳಿಗೆ ಏನೋ ಸರಿಯಿಲ್ಲವೆನಿಸಿತು. ಗೇರು ಬದಲಿಸಿದಾಗ ಲಾರಿ ಮುಂದಕ್ಕೆ ಹರಿಯುತ್ತಿರಲಿಲ್ಲ. ಮಲಗಿದ ಎಮ್ಮೆಯನ್ನು ಎಬ್ಬಿಸಿದಂತೆ ಒಂದೊಂದೇ ಕಾಲೂರಿ ಏಳುತ್ತಿತ್ತು. ಬ್ರೇಕು ಒತ್ತಿದರೆ ಹಿಂದಿನಿಂದ ಯಾರೋ ನೂಕಿದಂತಾಗುತ್ತಿತ್ತು. ಡೀಸೆಲ್ಲಿನ ಮುಳ್ಳನ್ನು ನೋಡಿದಳು. ಇಷ್ಟು ಬೇಗ ಅದು ಅಲ್ಲಿಗೆ ಇಳಿಯಬಾರದಿತ್ತು.

"ಮುಳ್ಳು ಕೆಟ್ಟಿರಬೇಕು," ಎಂದ ಗಡಿಬಿಡಿ.

"ಮುಳ್ಳು ಕೆಟ್ಟಿದ್ರೆ ಲಾರಿ ಯಾಕೆ ಏದುಸಿರು ಬಿಡುತ್ತೆ?"

"ಹನಿಯಪ್ಪ ಕಮ್ಮಿ ಹಾಕಿರಬೇಕು."

"ಕಣ್ಣೆದುರೇ ಹಾಕಿದನಲ್ಲೋ."

ಅಮ್ಮ ಇಬ್ಬರ ನಡುವೆ ಕೂತು ಕಣ್ಣು ಮುಚ್ಚಿದ್ದಳು. ನಿದ್ದೆಯಲ್ಲ. ನಿದ್ದೆಯಾಗಿದ್ದರೆ ಅವಳ ಬಾಯಿ ಸ್ವಲ್ಪ ತೆರೆದಿರುತ್ತಿತ್ತು.

ಅಕ್ಕ ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಮುಂದೆ ಲಾರಿ ನಿಲ್ಲಿಸಿದಳು. ಗಾಳಿ ಕಮ್ಮಿಯಿರಬಹುದೆಂದು ಅವಳ ಎಣಿಕೆ. ಹಳೆಯ ಟೈರಿನ ಮೇಲೆ ಕೂತಿದ್ದ ಅಂಗಡಿಯವನು ಎದ್ದು ಬಂದು ಹಿಂದಿನ ಗಾಲಿಗಳನ್ನು ನೋಡಿದ, ಬಾಗಿ ಕಮಾನು ಪಟ್ಟಿಗಳನ್ನು ನೋಡಿದ, ಆಮೇಲೆ ಇವರನ್ನು ನೋಡಿದ.

"ಏನ್ರೀ, ಮನೆ ಸಾಮಾನು ತಂದಿದ್ದೀರೋ, ಮನೇನೇ ಕಿತ್ಕೊಂಡು ಬಂದಿದ್ದೀರೋ?"

"ಬಟ್ಟೆಬರೆ," ಎಂದ ಗಡಿಬಿಡಿ.

"ಕಬ್ಬಿಣದ ಬಟ್ಟೆ ಉಡ್ತೀರಾ?"

ಅಕ್ಕ ಲಾರಿಯ ಹಿಂಬದಿ ಹತ್ತಿದಳು. ಒಂದು ಪೆಟ್ಟಿಗೆಯನ್ನು ಸರಿಸಲು ನೋಡಿದಳು, ಅದು ಜಗ್ಗಲಿಲ್ಲ. ಮುಚ್ಚಳ ತೆಗೆದಳು. ಮೇಲೆ ಒಂದು ಹಳೆಯ ಸೀರೆ. ಸೀರೆಯ ಕೆಳಗೆ ಒದ್ದೆ ಗೋಣಿ. ಗೋಣಿಯ ಕೆಳಗೆ, ಹದವಾಗಿ, ಕಪ್ಪಗೆ, ಬೆಣ್ಣೆಯಂತೆ ಹೊಳೆಯುತ್ತ, ಹಿತ್ತಲ ಗುಂಡಿಯ ಜೇಡಿಮಣ್ಣು. ಮುಂದಿನ ಪೆಟ್ಟಿಗೆ ತೆಗೆದಳು. ಅದರಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ. ಬೀರುವಿನ ಬಾಗಿಲು ತೆಗೆದರೆ ಸೀರೆ ಮಡಿಸಿಡುವ ಅರೆಗಳಲ್ಲೆಲ್ಲ ಮಣ್ಣಿನ ಮುದ್ದೆಗಳು ಸಾಲಾಗಿ, ಮಲಗಿದ ಕೂಸುಗಳ ಹಾಗೆ, ಬಟ್ಟೆ ಹೊದ್ದುಕೊಂಡಿದ್ದವು.

ಗಡಿಬಿಡಿ ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಕ್ಕರಿಸಿದ. "ನಿನ್ನೆ ಇದನ್ನೆಲ್ಲ ಹೊತ್ತು ಹಾಕಿದವನು ನಾನು. 'ನಿಧಾನ ಕಣೋ, ನನ್ನ ಮದುವೆ ಸೀರೆ ಇವೆ' ಅಂದ್ಯಲ್ಲಮ್ಮ. ಎಷ್ಟು ಸಲ ಮದುವೆ ಆಗಿದ್ದೆ ನೀನು?"

ಅಮ್ಮ ಲಾರಿಯಿಂದ ಇಳಿದು ಬಂದಿದ್ದಳು. ಸಣ್ಣಗೆ ಹೇಳಿದಳು: "ನಮ್ಮಜ್ಜಿ ಕಾಲದಿಂದ ಕೊಳೆತು ಹದವಾದ ಮಣ್ಣು ಅದು. ಹೊಸ ಊರಿನ ಮಣ್ಣು ಹೇಗಿರುತ್ತೋ ಏನೋ. ಎತ್ತಿದರೆ ಏಳದಿದ್ರೆ? ಆವಿಗೇಲಿ ಸೀಳಿದ್ರೆ? ಬೇಡ ಅಂತ ನೀವು ಹೇಳ್ತೀರಿ ಅಂತ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ."

"ಹೇಳಿದ್ರೆ ಹನಿಯಪ್ಪ ಅದಕ್ಕೂ ಸೇರಿಸಿ ಡೀಸೆಲ್ ಹಾಕ್ತಿದ್ದ," ಎಂದಳು ಅಕ್ಕ.

ಅಮ್ಮನ ಮುಖ ಆಗ ಇಳಿದುಹೋಯಿತು. ಈ ಮಾತು ಅವಳಿಗೆ ಹೊಳೆದೇ ಇರಲಿಲ್ಲ. ಮಣ್ಣಿಗೂ ಡೀಸೆಲ್ಲಿಗೂ ಸಂಬಂಧವಿದೆ ಎಂದು ಜನ್ಮವೆಲ್ಲ ತಿಗರಿಯನ್ನು ಕಾಲಿನಿಂದ ತಿರುಗಿಸಿದವಳಿಗೆ ಯಾರು ಹೇಳಿದ್ದರು?

"ಬೀಗ ಒಡೆಯೋಣ," ಎಂದ ಗಡಿಬಿಡಿ. "ಎರಡು ಮೈಲಿ ಮುಂದೆ ಬಂಕ್ ಇದೆ. ಸುತ್ತಿಗೆ ಇವರ ಹತ್ರಾನೇ ಇದೆ."

"ಸುತ್ತಿಗೆ ಏನೋ ಇದೆ," ಎಂದ ಪಂಕ್ಚರ್ ಅಂಗಡಿಯವನು. "ಹನಿಯಪ್ಪನ ಲಾರಿ ಅಂತ ಬದಿಯಲ್ಲಿ ಬರೆದಿರೋದನ್ನ ಓದೋವರೆಗೆ ಕೊಡ್ತಿದ್ದೆ. ಈಗ ಕೊಡಲ್ಲ."

ಅಕ್ಕ ಹನಿಯಪ್ಪನಿಗೆ ಫೋನು ಮಾಡಿದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೇಳಿದ್ದು ಸುಳ್ಳಾಯಿತು, ಬೇಕೆಂದು ಹೇಳಿದ್ದಲ್ಲ, ಆದರೂ ಹೇಳಿದವಳು ತಾನೇ ಎಂದಳು. ಆ ಕಡೆ ಬೀಗದ ಕೈಗಳ ಗೊಂಚಲು ಝಣಗುಟ್ಟಿತು.

"ಅಲ್ಲೇ ಇರಿ. ನಾಳೆ ಬೆಳಿಗ್ಗೆ ಬೀಗದ ಕೈ ಕೊಟ್ಟು ಆಳು ಕಳಿಸ್ತೀನಿ."

"ನಾಳೆ ಆದ್ರೆ ಶೆಡ್ಡು ಹೋಗುತ್ತೆ, ಯಜಮಾನ್ರೇ."

"ಹಾಗಾದ್ರೆ ಮಣ್ಣು ಇಳಿಸಿ. ಆದರೂ ಕಷ್ಟ. ಇಷ್ಟು ದೂರ ಆಗಲೇ ಅದನ್ನ ಹೊತ್ತು ಕುಡಿದಿದೆ. ಆ ಲಾರೀನ ನಾನು ಬಲ್ಲೆ ತಾಯಿ. ಕೊನೇಲಿ ಒಂದು ಏರು ಇದೆಯಲ್ಲ, ಅಲ್ಲಿ ಕೈ ಕೊಡುತ್ತೆ."

"ಕೈ ಕೊಡಲ್ಲ. ನಾನು ಮುಟ್ಟಿಸ್ತೀನಿ."

"ಹೇಗೆ?"

ಹೇಗೆಂದು ಅವಳಿಗೂ ಗೊತ್ತಿರಲಿಲ್ಲ. ಫೋನು ಇಟ್ಟು ಅಮ್ಮನ ಕಡೆ ತಿರುಗಿದಳು. ಬಯ್ಯಲಿಲ್ಲ. ಬಯ್ಯುವುದಕ್ಕೂ ಹೊತ್ತು ಬೇಕು, ಆ ಹೊತ್ತು ಅವಳ ಬಳಿ ಇರಲಿಲ್ಲ.

"ಅಮ್ಮ, ಒಂದು ಮಾತು ಕೇಳ್ತೀನಿ, ನಿಜ ಹೇಳು. ಹೊಸ ಮಣ್ಣಿಗೆ ಹಳೇ ಮಣ್ಣು ಬೆರೆಸಿ ಹದ ಮಾಡ್ತೀವಲ್ಲ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಆ ಹೆಪ್ಪಿಗೆ ಎಷ್ಟು ಬೇಕು?"

ಅಮ್ಮ ಪೆಟ್ಟಿಗೆಗಳನ್ನು ಒಂದೊಂದಾಗಿ ನೋಡಿದಳು. ಸುಳ್ಳು ಹೇಳುವ ಆಸೆ ಅವಳ ಮುಖದಲ್ಲಿ ಬಂದು ಹೋದದ್ದು ಅಕ್ಕನಿಗೆ ಕಂಡಿತು.

"ಒಂದು ಪೆಟ್ಟಿಗೆ," ಎಂದಳು ಕೊನೆಗೆ.

"ಉಳಿದದ್ದು ಇಳಿಸೋಣ."

ಪಂಕ್ಚರ್ ಅಂಗಡಿಯ ಹಿಂಬದಿ ಗೋಡೆಯ ನೆರಳಿನಲ್ಲಿ ಮೂವರೂ ಸೇರಿ ಮಣ್ಣನ್ನು ಇಳಿಸಿದರು. ಬೀರು, ಮಂಚಗಳನ್ನೂ ಇಳಿಸಿದರು. ಅವನ್ನು ಇನ್ನೊಂದು ದಿನ ಒಯ್ಯಬಹುದು. ಅಂಗಡಿಯವನು ಮೊದಲು ಮೂಗು ಮುರಿದ, ಆಮೇಲೆ ತಾನೂ ಕೈ ಕೊಟ್ಟ. ಅಮ್ಮ ಗೋಣಿ ಹೊದಿಸುತ್ತ ಅವನಿಗೆ ಹೇಳಿದಳು: "ದಿನಾ ಸ್ವಲ್ಪ ನೀರು ಚಿಮುಕಿಸಪ್ಪ. ಒಣಗಿದ್ರೆ ಸತ್ತ ಹಾಗೆ."

"ದನ ಕಟ್ಟಿ ಹೋಗೋರನ್ನ ನೋಡಿದ್ದೆ. ಮಣ್ಣು ಕಟ್ಟಿ ಹೋಗೋರನ್ನ ಇವತ್ತೇ ನೋಡಿದ್ದು," ಎಂದ ಅವನು. "ರಾತ್ರಿ ಕೂಗುತ್ತಾ ಇದು?"

ಎಲ್ಲ ಮುಗಿಯುವ ಹೊತ್ತಿಗೆ ತಿಗರಿ, ಪಾತ್ರೆ, ಹೆಪ್ಪಿನ ಪೆಟ್ಟಿಗೆ ಬಿಟ್ಟರೆ ಒಂದು ತಗಡಿನ ಟ್ರಂಕು ಮಾತ್ರ ಮೂಲೆಯಲ್ಲಿ ಉಳಿದಿತ್ತು. ಗಡಿಬಿಡಿ ಅದರ ಹಿಡಿಕೆಗೆ ಕೈ ಹಾಕಿದ. "ಅದರಲ್ಲಿ ನಿಮ್ಮಪ್ಪನ ಬಟ್ಟೆ ಇದೆ, ಬಿಡು," ಎಂದಳು ಅಮ್ಮ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಟ್ರಂಕಿನ ಅಂಚಿನಲ್ಲಿ ಸಣ್ಣಗೆ ಒದ್ದೆ ಜಿನುಗಿದ್ದನ್ನು ಅಕ್ಕ ನೋಡಿದಳು. ಅಮ್ಮನನ್ನೂ ನೋಡಿದಳು. "ಬಿಡೋ," ಎಂದು ತಮ್ಮನಿಗೆ ಹೇಳಿ ಕೆಳಗೆ ಹಾರಿದಳು.

ಅಂಗಡಿಯವನು ಗಾಲಿಗಳಿಗೆಲ್ಲ ಗಾಳಿ ಬಿಗಿಯಾಗಿ ತುಂಬಿದ. ಮೇಲೆ ಪಟಪಟ ಬಡಿಯುತ್ತಿದ್ದ ತಾಡಪಾಲನ್ನು ಅಕ್ಕ ಎಳೆದು ಸಾಮಾನಿಗೆ ಅಂಟುವಂತೆ ಕಟ್ಟಿದಳು, ಗಾಳಿಗೆ ಹಿಡಿಯಲು ಏನೂ ಸಿಗದ ಹಾಗೆ. ಹೊತ್ತು ಆಗಲೇ ನೆತ್ತಿಯಿಂದ ಜಾರಿತ್ತು. ಎಂಜಿನ್ ಚಾಲೂ ಮಾಡುವ ಮುನ್ನ ಒಮ್ಮೆ ಸ್ಟಿಯರಿಂಗಿಗೆ ಹಣೆ ಮುಟ್ಟಿಸಿದಳು. ದೇವರನ್ನು ಬೇರೇನನ್ನೂ ಕೇಳಲಿಲ್ಲ, ಕಾಲಿನ ಮೇಲೆ ಮನಸ್ಸಿರಲಿ ಎಂದಷ್ಟೇ ಕೇಳಿದಳು.

ರಸ್ತೆ ಈಗ ಸಪಾಟಾಗಿತ್ತು. ಮೊದಲ ಒಂದಷ್ಟು ದೂರ ಅವಳು ಆಕ್ಸಿಲರೇಟರನ್ನು ಒಂದೇ ಸಮ ಒತ್ತಿ ಹಿಡಿಯಲು ನೋಡಿದಳು. ಆಗಲಿಲ್ಲ. ಅವಸರ ಹೊಕ್ಕ ಕಾಲು ತಾನಾಗಿ ಕೆಳಗಿಳಿಯುತ್ತಿತ್ತು. ಎಚ್ಚರವಾದಾಗ ಗಕ್ಕನೆ ಮೇಲೇಳುತ್ತಿತ್ತು. ಲಾರಿ ಬಿಕ್ಕಿದಂತೆ ಓಡುತ್ತಿತ್ತು. ಗಡಿಬಿಡಿ ಮುಳ್ಳಿನ ಮೇಲೆ ಕಣ್ಣು ನೆಟ್ಟು, ಸಾಯುವವರ ನಾಡಿ ಹಿಡಿದವನಂತೆ ವರದಿ ಒಪ್ಪಿಸುತ್ತಿದ್ದ.

"ಇಳೀತು. ಅಕ್ಕ, ಇನ್ನೂ ಇಳೀತು."

"ನೀನು ಕಿಟಕಿ ಆಚೆ ನೋಡು."

"ಆಚೆ ನೋಡಿದ್ರೆ ಇಳಿಯೋದು ನಿಲ್ಲುತ್ತಾ?"

"ನಿನ್ನ ಬಾಯಾದ್ರೂ ನಿಲ್ಲುತ್ತೆ."

ಆಗ ಅಮ್ಮ ಬಾಯಿ ತೆರೆದಳು. ಕ್ಷಮೆ ಕೇಳುತ್ತಾಳೇನೋ ಎಂದುಕೊಂಡಳು ಅಕ್ಕ. ಅಮ್ಮ ಹಾಗೆ ಮಾಡುವವಳಲ್ಲ. ಅವಳು ಪದ್ಯ ಹೇಳತೊಡಗಿದಳು.

ಅದು ಅವಳು ಮಣ್ಣು ತುಳಿಯುವಾಗ, ತಿಗರಿ ತಿರುಗಿಸುವಾಗ ಹೇಳುತ್ತಿದ್ದ ಕಥೆಯ ಪದ್ಯ. ಕಳೆದುಹೋದ ಕುದುರೆಯನ್ನು ಹುಡುಕುತ್ತ ಕಾಡಿಗೆ ಹೋದ ರಾಜಕುಮಾರನ ಕಥೆ. ಓದಿ ಕಲಿತದ್ದಲ್ಲ, ತನ್ನ ಅಮ್ಮನ ಬಾಯಿಂದ ಕೇಳಿ ಕೇಳಿ ಒಳಗಿಳಿದದ್ದು. ಒಂದೊಂದು ಪದ್ಯಕ್ಕೂ ಆರು ಸಾಲು. ಎರಡು ಗಿಡ್ಡ ಸಾಲು, ಆಮೇಲೆ ಒಂದು ಉದ್ದ. ಮತ್ತೆ ಎರಡು ಗಿಡ್ಡ, ಒಂದು ಉದ್ದ. ಗಿಡ್ಡ ಸಾಲುಗಳನ್ನು ಅಮ್ಮ ತೂಕವಿಟ್ಟು ಹೇಳುತ್ತಿದ್ದಳು, ಉದ್ದ ಸಾಲನ್ನು ಹರಿಯಲು ಬಿಡುತ್ತಿದ್ದಳು.

ಅಕ್ಕನ ಕಿವಿಗಿಂತ ಮೊದಲು ಅವಳ ಕಾಲು ಆ ಪದ್ಯವನ್ನು ಗುರುತಿಸಿತು. ಚಿಕ್ಕಂದಿನಿಂದ ಆ ಕಾಲು ಕಲಿತದ್ದೇ ಅದನ್ನು. ಮೊದಲ ಸಾಲಿಗೆ ತಿಗರಿಗೆ ಒಂದು ಒದೆತ, ಎರಡನೆಯ ಸಾಲಿಗೆ ಇನ್ನೊಂದು, ಮೂರನೆಯ ಉದ್ದ ಸಾಲಿಗೆ ಕಾಲೆತ್ತಿ ತಿಗರಿಯನ್ನು ತನ್ನಷ್ಟಕ್ಕೆ ಓಡಲು ಬಿಡುವುದು. ಮಡಕೆ ಏಳುವುದು ಆ ಓಟದಲ್ಲಿ. ಒದೆಯುತ್ತಲೇ ಇದ್ದರೆ ಮಡಕೆ ನಡುಗಿ ಕುಸಿಯುತ್ತದೆ. ಸುಮ್ಮನೆ ಬಿಟ್ಟರೆ ತಿಗರಿ ನಿಲ್ಲುತ್ತದೆ.

ಕಾಲು ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿತು, ಒಂದು ಸಾಲು. ಇನ್ನೊಂದು ಸಾಲು. ಆಮೇಲೆ ಹಗುರವಾಯಿತು. ಉದ್ದ ಸಾಲಿನುದ್ದಕ್ಕೂ ಲಾರಿ ತನ್ನ ಓಟದಲ್ಲೇ ಓಡಿತು, ಎಂಜಿನ್ನಿನ ಸದ್ದು ತಗ್ಗಿ, ಗಾಲಿಗಳ ಸದ್ದಷ್ಟೇ ಉಳಿದು. ಓಟ ಕುಂದುವ ಮುನ್ನ ಮತ್ತೆ ಗಿಡ್ಡ ಸಾಲು ಬಂತು. ಮುಂದೆ ದೂರದಲ್ಲಿ ಕೆಂಪು ದೀಪ ಕಂಡರೆ ಅಮ್ಮ ಉದ್ದ ಸಾಲನ್ನು ಇನ್ನಷ್ಟು ಎಳೆದು ಹೇಳುತ್ತಿದ್ದಳು. ಬ್ರೇಕು ಮುಟ್ಟದೆ ಲಾರಿ ತೆವಳಿ ಹೋಗಿ ಸೇರುವ ಹೊತ್ತಿಗೆ ದೀಪ ಹಸಿರಾಗಿರುತ್ತಿತ್ತು. ಹಿಂದಿನ ಕಾರಿನವರು ಹಾರ್ನು ಬಡಿದು, ಕೈ ತೋರಿಸಿ ಬಯ್ದು, ದಾಟಿ ಹೋದರು. ಅಕ್ಕನ ಮಟ್ಟಿಗೆ ಲೋಕದಲ್ಲಿ ಆಗ ಒಂದು ಕಾಲು ಇತ್ತು, ಒಂದು ಪದ್ಯವಿತ್ತು.

ಬಹಳ ದೂರ ಸಾಗಿದ ಮೇಲೆ ಗಡಿಬಿಡಿ ಮೆಲ್ಲಗೆ ಹೇಳಿದ: "ಅಕ್ಕ, ಮುಳ್ಳು ಅಲ್ಲೇ ಇದೆ."

"ಕೆಟ್ಟಿರಬೇಕು," ಎಂದಳು ಅಕ್ಕ, ರಸ್ತೆಯಿಂದ ಕಣ್ಣು ಕೀಳದೆ.

ಅಮ್ಮ ನಕ್ಕು, ಒಂದು ಸಾಲು ಮರೆತು, ಮತ್ತೆ ಹಿಡಿದುಕೊಂಡಳು.

ಹೊಸ ಊರಿನ ಮನೆಗಳು ಶುರುವಾಗುವ ಹೊತ್ತಿಗೆ ಬಿಸಿಲು ಹಳದಿಗೆ ತಿರುಗಿತ್ತು, ಮುಳ್ಳು ಕೊನೆಯ ಗೆರೆಗೆ ಒರಗಿತ್ತು. ಅಮ್ಮನ ಗಂಟಲು ಒಣಗಿ ದನಿ ಗೀರುತ್ತಿತ್ತು. ರಾಜಕುಮಾರ ಇನ್ನೂ ಕಾಡಿನಲ್ಲೇ ಇದ್ದ. ಮುಂದೆ ಆ ಏರು ಕಂಡಿತು. ಏರಿನ ತುದಿಯಲ್ಲಿ ಆವರಣದ ಗೇಟು. ಗೇಟಿನ ಒಂದು ಬಾಗಿಲು ಆಗಲೇ ಮುಚ್ಚಿತ್ತು. ಇನ್ನೊಂದರ ಬಳಿ ಇಬ್ಬರು ನಿಂತಿದ್ದರು: ಕೈಯಲ್ಲಿ ಬೀಗದ ಕೈ ಹಿಡಿದ ಗೇಟಿನವನು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ಅಳತೆ ಟೇಪು ಹಿಡಿದ ಇನ್ನೊಬ್ಬ. ಅವನು ಬಡಗಿಯೆಂದು ಯಾರೂ ಹೇಳಬೇಕಾಗಿರಲಿಲ್ಲ.

"ಇಲ್ಲಿ ಓಟ ಇಲ್ಲಮ್ಮ," ಎಂದಳು ಅಕ್ಕ. "ಬರೀ ಒದೆತ. ಗಿಡ್ಡ ಸಾಲು ಮಾತ್ರ ಹೇಳು."

"ಕಥೆ ಕೆಡುತ್ತೆ."

"ಕೆಡಲಿ."

ಏರಿನ ಬುಡ ಬರುವ ಮೊದಲೇ ಅಕ್ಕ ಓಟ ಕೂಡಿಸಿಕೊಂಡು, ಗೇರು ಇಳಿಸಿ, ಕಾಲನ್ನು ಸಮವಾಗಿ ಇಟ್ಟಳು. ಅಮ್ಮ ಉದ್ದ ಸಾಲುಗಳನ್ನು ಬಿಟ್ಟು ಗಿಡ್ಡ ಸಾಲುಗಳನ್ನಷ್ಟೇ ಒಂದರ ಮೇಲೊಂದು ಪೇರಿಸಿದಳು. ರಾಜಕುಮಾರ ಎಲ್ಲಿದ್ದ, ಕುದುರೆ ಎಲ್ಲಿತ್ತು, ಒಂದೂ ತಿಳಿಯದಂತಾಯಿತು. ನಡು ಏರಿನಲ್ಲಿ ಎಂಜಿನ್ ಒಮ್ಮೆ ಕೆಮ್ಮಿತು. ಅಕ್ಕ ಕಾಲನ್ನು ಕದಲಿಸಲಿಲ್ಲ. ಹೆದರಿ ಒತ್ತಿದರೆ ಕುಸಿಯುತ್ತದೆಂದು ಮಣ್ಣು ಅವಳಿಗೆ ಎಷ್ಟೋ ಸಲ ಕಲಿಸಿತ್ತು. ಎಂಜಿನ್ ಇನ್ನೊಮ್ಮೆ ಕೆಮ್ಮಿತು, ಗಂಟಲು ಸರಿಮಾಡಿಕೊಂಡಿತು, ಎಳೆಯಿತು. ಬಡಗಿ ಪಕ್ಕಕ್ಕೆ ಸರಿದ. ಲಾರಿ ತೆರೆದಿದ್ದ ಅರ್ಧ ಗೇಟಿನಲ್ಲಿ ಮೈ ಕುಗ್ಗಿಸಿದಂತೆ ನುಸುಳಿ, ಶೆಡ್ಡಿನ ಮುಂದೆ ನಿಂತಿತು.

ಅದು ತಾನಾಗಿ ಆರಿಹೋಗಲು ಅಕ್ಕ ಬಿಡಲಿಲ್ಲ. ತನ್ನ ಕೈಯಿಂದಲೇ ಆರಿಸಿದಳು.

"ಮುಚ್ಚೋದರಲ್ಲಿದ್ದೆ," ಎಂದ ಗೇಟಿನವನು.

"ಮುಚ್ಚಿರಲಿಲ್ಲವಲ್ಲ," ಎಂದು ಅಕ್ಕ ಕೈ ಚಾಚಿದಳು. ಬೀಗದ ಕೈ ಅವಳ ಅಂಗೈಗೆ ಬಂತು. ಬಡಗಿ ಟೇಪನ್ನು ಚರ್‍ರನೆ ಸುತ್ತಿಕೊಂಡು, "ಬಾಗಿಲು ಸ್ವಲ್ಪ ಸೊಟ್ಟ ಇದೆ, ಯಾವಾಗಲಾದ್ರೂ ಹೇಳಿ, ಸರಿ ಮಾಡಿಕೊಡ್ತೀನಿ," ಎಂದು ಹೇಳಿ ಹೋದ. ಅಳೆದೂ ಅಳೆದೂ ಅವನಿಗೆ ಆ ಬಾಗಿಲಿನ ಮೇಲೆ ಮಮತೆ ಬಂದಿತ್ತು.

ಮರುದಿನ ಹನಿಯಪ್ಪ ಆಳನ್ನು ಕಳಿಸಲಿಲ್ಲ, ತಾನೇ ಬಂದ. ಬೀಗ ಎಳೆದು ನೋಡಿದ, ತೆಗೆದ, ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದ. ಒರೆಸಿ ಮತ್ತೆ ಇಳಿಸಿದ. ಕಡ್ಡಿಯ ತುದಿಯಷ್ಟೇ ಒದ್ದೆಯಾಗಿತ್ತು.

"ಹೇಗೆ?" ಎಂದು ನಿನ್ನೆಯ ಪ್ರಶ್ನೆಯನ್ನೇ ಕೇಳಿದ.

"ಅಮ್ಮನ್ನ ಕೇಳಿ."

"ಎರಡು ಒದೆತ, ಒಂದು ಓಟ," ಎಂದಳು ಅಮ್ಮ. ಹನಿಯಪ್ಪನಿಗೆ ಏನೂ ಅರ್ಥವಾಗಲಿಲ್ಲ. "ಮುಂದಿನ ಸಲ ಭಾರ ಸರಿಯಾಗಿ ಹೇಳಿ ತಾಯಿ," ಎಂದಷ್ಟೇ ಹೇಳಿದ. ಮುಂದಿನ ಸಲ ಎಂದನಲ್ಲ, ಅಕ್ಕನಿಗೆ ಅಷ್ಟು ಸಾಕಾಗಿತ್ತು.

ಅವನು ಹೋದ ಮೇಲೆ ಅವರು ಶೆಡ್ಡಿನ ಹಿಂದಿದ್ದ ಹೊಸ ಮಣ್ಣಿನ ರಾಶಿಯ ಬಳಿ ಹೋದರು. ಅಮ್ಮ ಒಂದು ಚಿಟಿಕೆ ಬೆರಳುಗಳ ನಡುವೆ ಹೊಸಕಿ, ನಾಲಿಗೆಯ ತುದಿಗೆ ಮುಟ್ಟಿಸಿ, ಉಗುಳಿದಳು. "ಒರಟು. ಹೆಪ್ಪು ಹಾಕಿದ್ರೆ ದಾರಿಗೆ ಬರುತ್ತೆ." ಗಡಿಬಿಡಿ ಒಂದು ಪೆಟ್ಟಿಗೆಯ ಹಳೆಯ ಮಣ್ಣನ್ನೆಲ್ಲ ಸುರಿದ. ಅಮ್ಮ ರಾಶಿಯನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಕೆನ್ನೆ ತುರಿಸಿಕೊಂಡಳು.

"ರಾಶಿ ಇಷ್ಟು ದೊಡ್ಡದು ಅಂತ ಅಂದ್ಕೊಂಡಿರಲಿಲ್ಲ. ಇನ್ನೂ ಸ್ವಲ್ಪ ಬೇಕಾಗಿತ್ತು."

ಅಕ್ಕ ಒಳಗೆ ಹೋಗಿ ತಗಡಿನ ಟ್ರಂಕನ್ನು ಎಳೆದು ತಂದಳು. ಅಮ್ಮನ ಮುಂದಿಟ್ಟು, "ಅಪ್ಪನ ಬಟ್ಟೆ," ಎಂದಳು.

ಅಮ್ಮ ತಲೆ ತಗ್ಗಿಸಿ ಮುಚ್ಚಳ ತೆಗೆದಳು. "ನಿನ್ನ ಕಾಲಿಗೆ ಗೊತ್ತಾಗಿತ್ತಾ?"

"ಕಣ್ಣಿಗೇ ಗೊತ್ತಾಗಿತ್ತು. ಅಲ್ಲೇ ಬಾಯಿಬಿಟ್ಟಿದ್ರೆ ಗಡಿಬಿಡಿ ಇಳಿಸಿಬಿಡ್ತಿದ್ದ."

"ಅಯ್ಯೋ, ಇಬ್ಬರೂ ಸೇರಿ ನನ್ನ ನಾಡಿ ನಿಲ್ಲಿಸಿದ್ರಲ್ಲ," ಎಂದ ಗಡಿಬಿಡಿ.

ಅಕ್ಕ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಮಣ್ಣಿನ ರಾಶಿಗೆ ಇಳಿದಳು. ಬಲಗಾಲನ್ನು ಹಳೆಯ ಮಣ್ಣಿನ ಮೇಲೆ ಊರಿದಳು, ಅದು ಹೊಸತರೊಳಕ್ಕೆ ಹೂತುಹೋಗುವಂತೆ. ಆಮೇಲೆ ಅಮ್ಮನ ಕಡೆ ನೋಡಿ, "ರಾಜಕುಮಾರನನ್ನ ಏರು ಹತ್ತಿಸಿ ಅಲ್ಲೇ ಬಿಟ್ಟಿದ್ದೀಯ," ಎಂದಳು. "ಕುದುರೆ ಸಿಗೋವರೆಗೆ ಹೇಳು. ಈ ಸಲ ಉದ್ದ ಸಾಲೂ ಇರಲಿ."